ಬೀದಿಗಳಿಗೆ ಹೆಸರು ಮರಳಿಸಿದ ಮೇಯರ್

“ಅವ್ವಾ, ಈ ಕೈಯಿಂದ ನಾನು ಯಾರಿಗೂ ಕೆಡುಕು ಮಾಡಿಲ್ಲ. ಆದರೂ ತಲೆ ಎತ್ತಿ ನಡೆಯಲು ನಾಚಿಕೆ. ಏಕೆ?” ಎಂದು ಶಿಷ್ಯ ತನ್ನ ಗುರುಮಾತೆಯನ್ನು ಕೇಳಿದ.

“ಕಂಬಕ್ಕೆ ಒರಗಿ ಕೂತುಕೋ ಮಗಾ. ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ” ಎಂದು ಅವಳು ಶುರು ಮಾಡಿದಳು.

ಚೆಕ್ ದೇಶದ ಒಂದು ಊರಿಗೆ ಒಬ್ಬ ಮೇಯರ್ ಇದ್ದ. ಗಿರಣಿಯಲ್ಲಿ ದುಡಿದವನು. ಬಡವರ ರಾಜ್ಯ ಬರಲೆಂದು ಕೆಂಬಾವುಟ ಹಿಡಿದು, ಗೆಳೆಯನೊಬ್ಬನ ಜೊತೆ ಜೈಲು ಕಂಡವನು. ದೇಶ ಕಮ್ಯುನಿಸ್ಟರ ಕೈಗೆ ಬಂದ ಮೇಲೆ ಇವನಿಗೆ ಮೇಯರ್ ಕುರ್ಚಿ ಸಿಕ್ಕಿತು, ಗೆಳೆಯನಿಗೆ ರೇಡಿಯೋದಲ್ಲಿ ಸುದ್ದಿ ಓದುವ ಕೆಲಸ. ಮೇಯರ್ ಒಳ್ಳೆಯವನೇ. ಕೂಲಿಯವರ ಓಣಿಗೆಲ್ಲ ನಲ್ಲಿ ಹಾಕಿಸಿದ.

ಒಂದು ವರ್ಷ ಜನ ತುಸು ಬಾಯಿಬಿಟ್ಟು ಮಾತಾಡತೊಡಗಿದರು. ಅದನ್ನು ಸಹಿಸದೆ ದೊಡ್ಡ ದೇಶವೊಂದು ಟ್ಯಾಂಕುಗಳನ್ನು ನುಗ್ಗಿಸಿತು. ಗೆಳೆಯ ಅದನ್ನು ರೇಡಿಯೋದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಸೈನಿಕರು ಅವನ ಮನೆ ಹುಡುಕಿ ಹೊರಟರು.

ಊರವರ ಬಳಿ ಬಂದೂಕು ಇರಲಿಲ್ಲ. ಬೀದಿ ಹೆಸರಿನ ಹಲಗೆ, ಮನೆ ನಂಬರು ಎಲ್ಲವನ್ನೂ ಕಿತ್ತು ಬಚ್ಚಿಟ್ಟರು. ಸೈನಿಕರು ಸುತ್ತಿದ ಬೀದಿಯನ್ನೇ ಸುತ್ತಿದರು.

“ಈ ಬೀದಿಗೆ ಹೆಸರಿಲ್ಲವೇ ಅಜ್ಜೀ?”

“ಇತ್ತಪ್ಪಾ. ನಿನ್ನ ಟ್ಯಾಂಕು ನೋಡಿ ಹೆದರಿ ಓಡಿಹೋಯಿತು” ಎಂದಳು ಹೂ ಮಾರುವ ಮುದುಕಿ.

ದಂಡನಾಯಕ ಮೇಯರನ ಬಳಿ ಬಂದ. ಹಲಗೆ ಮತ್ತೆ ಹಾಕಿಸು, ಇಲ್ಲವೇ ಕುರ್ಚಿ ಬಿಡು ಎಂದ. ಮೇಯರ್ ಯೋಚಿಸಿದ. ಡಾಕ್ಟರಿಗೆ ರೋಗಿಯ ಮನೆ ಸಿಗುತ್ತಿಲ್ಲ, ಅಂಚೆ ತಲುಪುತ್ತಿಲ್ಲ. ಊರಿಗೆ ಒಳ್ಳೆಯದೇ ಆಗುತ್ತದೆ ಎಂದುಕೊಂಡು ಹಲಗೆ ಹಾಕಲು ಆಜ್ಞೆ ಮಾಡಿದ.

ಹೆಂಡತಿ ಕೇಳಿದಳು: “ನಿನ್ನ ಗೆಳೆಯನ ಬೀದಿಗೂ ಹಾಕುತ್ತೀಯಾ?”

“ಅದೊಂದನ್ನೇ ಬಿಟ್ಟರೆ ಅಲ್ಲೇ ಇದ್ದಾನೆಂದು ಸಾರಿದಂತಾಗುತ್ತದೆ. ನಾನೇನು ಬೆರಳು ಮಾಡಿ ತೋರಿಸಿದೆನೇ?”

“ಹಾಗಾದರೆ ಒಂದು ಮಾತು ಹೇಳಿ ಬಾ. ಹಿತ್ತಿಲ ಕಡೆಯಿಂದಾದರೂ ಓಡಿಹೋಗಲಿ.”

“ಯಾರಾದರೂ ನೋಡಿದರೆ? ನಾಳೆ ಹೋದರಾಯಿತು ಬಿಡು” ಎಂದ ಮೇಯರ್.

ಬೆಳಿಗ್ಗೆ ಸೈನಿಕರು ಯಾರನ್ನೂ ಏನೂ ಕೇಳದೆ ನೇರ ಗೆಳೆಯನ ಬಾಗಿಲಿಗೆ ಹೋದರು.

ಗೆಳೆಯ ಜೈಲಿನಿಂದ ಬಂದು, ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತ, ಕೆಮ್ಮಿ ಕೆಮ್ಮಿ ಸತ್ತ. ದಂಡನಾಯಕ ತನ್ನೂರಿಗೆ ಮರಳಿ ಪದಕ ತೂಗುಹಾಕಿಕೊಂಡ. ಹೆಂಡತಿ ಗಂಡನ ಮನೆಯಲ್ಲೇ ಇದ್ದಳು, ಅಡುಗೆ ಮಾಡಿ ಬಡಿಸಿದಳು, ಎದುರು ಕೂತು ಮಾತ್ರ ಉಣ್ಣಲಿಲ್ಲ. ಮೇಯರ್ ಮುದುಕನಾಗುವ ತನಕ ಕುರ್ಚಿಯಲ್ಲಿದ್ದ. ಯಾರೂ ಅವನನ್ನು ಬೈಯಲಿಲ್ಲ. ಗೆಳೆಯ ಬದುಕಿರುವ ತನಕ ಎದುರು ಸಿಕ್ಕಾಗಲೆಲ್ಲ ಟೊಪ್ಪಿ ತೆಗೆದು, “ಚೆನ್ನಾಗಿದ್ದೀಯೇನೋ?” ಎನ್ನುತ್ತಿದ್ದ. ಹಾಗೆ ಕೇಳಿಸಿಕೊಳ್ಳಲಾರದೆ ಮೇಯರ್ ಸಂದಿಗೊಂದಿಯಲ್ಲಿ ನಡೆಯುವುದು ಕಲಿತ.

“ಆದರೆ ಅವ್ವಾ, ಅವನು ಕೈಯಾರೆ ಏನೂ ಮಾಡಲಿಲ್ಲವಲ್ಲ?” ಎಂದ ಶಿಷ್ಯ.

“ನೀನು ಯಾರ ಮನೆಗೆ ಹೋಗದೆ ಉಳಿದೆ, ಮಗಾ?”