ಅಂಬಿಗನ ಹೆಸರು ತಿಳಿಯದವನು

"ಕೇಳಿರಪ್ಪೋ ಕೇಳಿರಿ! ಬಿಳಿಗಲ್ಲಿನ ಅರಸರು ಮಾರಭೂಪರ ಅಪ್ಪಣೆ! ತೀರಿಹೋದ ಮಹಾರಾಣಿಯವರ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಮಲ್ಲಲೆಯೊಂದಿಗೆ ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಡಂಗುರದ ಸದ್ದು ಹೊಳೆಯ ದಂಡೆಗೂ ಬಂತು. ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಸಣ್ಣೀರ ತಲೆ ಎತ್ತಲಿಲ್ಲ. ಅರಮನೆಯ ಮಾತು ತನಗೇಕೆ?

ಡಂಗುರದ ಹಿಂದಿನ ಕತೆ ಊರಿಗೆಲ್ಲ ಗೊತ್ತಿತ್ತು. ಹಿಂದಿನ ಬೇಸಗೆಯಲ್ಲಿ ವಾಂತಿಭೇದಿ ಬಡಿದಾಗ ರಾಣಿ ಅರಮನೆ ಬಿಟ್ಟು ಬಂದು, ರೋಗಿಗಳ ಚಪ್ಪರದಲ್ಲಿ ದುಡಿದು, ಅದೇ ಬೇನೆಗೆ ತೀರಿಕೊಂಡಿದ್ದಳು. ಅವಳು ಒಂದು ವ್ರತ ಹಿಡಿದವಳಲ್ಲ, ದೇವರ ಮುಂದೆ ಒಂದು ದೀಪ ಹಚ್ಚಿದವಳಲ್ಲ. "ನಂಬಿಕೆಯಿಲ್ಲದವರಿಗೆ ಸದ್ಗತಿಯಿಲ್ಲ" ಎಂದು ಆಸ್ಥಾನದ ಪಂಡಿತರು ಕೈ ಝಾಡಿಸಿದರು. ಸಾಯುವ ಮುನ್ನ ರಾಣಿ ಗಂಡನಿಗೆ ಮೂರು ಒಗಟು ಹೇಳಿ, ಉತ್ತರವನ್ನೂ ಹೇಳಿದ್ದಳು. ಅರಸನಿಗೆ ಪಂಡಿತರನ್ನು ನಂಬಲೂ ಆಗದು, ಹೆಂಡತಿಯನ್ನು ನಂಬಲೂ ಆಗದು. ಬೇರೊಬ್ಬರು ತಾವಾಗಿಯೇ ಅವಳ ಉತ್ತರ ಹೇಳಿದರೆ ಅವಳಿಗೆ ಸದ್ಗತಿಯಾಯಿತೆಂದು ನಂಬಬಹುದು. ತಪ್ಪು ಉತ್ತರ ಹೇಳಿ ಅವಳ ಮಾತನ್ನು ಕೆಡಿಸಿದವನು ಮಾತ್ರ ಉಳಿಯಬಾರದು ಎಂದು ಹಟ ಹಿಡಿದ.

ಮೊದಲು ಬಂದವನು ಮೈತುಂಬ ಗಂಧ ಪೂಸಿಕೊಂಡ ಪಂಡಿತ. ಅರಸ ಕೇಳಿದ: "ಊರೆಲ್ಲ ಮುಟ್ಟಲು ಹೇಸಿತು. ಮುಟ್ಟಿದವನ ಕೈಯನ್ನು ಮಾತ್ರ ಅದು ಮಡಿ ಮಾಡಿತು. ಯಾವುದದು?"

"ಸುಡುಗಾಡಿನ ಬೂದಿ, ಪ್ರಭು. ಹಣೆಗಿಟ್ಟರೆ ಪಾವನ."

ಆ ಸಂಜೆ ಅವನ ತಲೆ ಕಡಿದ ವಧಾಬಂಡೆಗೆ ಹಾಸಿದ್ದ ಬಟ್ಟೆ ಸಣ್ಣೀರನ ಬಳಿಗೆ ಒಗೆಯಲು ಬಂತು.

ಹೀಗೆ ಬಂದವರು ಹನ್ನೊಂದು ಮಂದಿ. ಹನ್ನೊಂದನೆಯವನು ನೆರೆರಾಜ್ಯದ ರಾಜಕುಮಾರ. ಅವನ ತಾಯಿಯ ಕಡೆಯವರು ಇದೇ ಊರಿನವರು, ಚಪ್ಪರದ ಕತೆ ಅವರಿಂದ ಕೇಳಿದ್ದ. ಮೊದಲ ಒಗಟನ್ನು ಹೇಗೋ ದಾಟಿದ. ಎರಡನೆಯದು, "ದಿನಕ್ಕೆ ನೂರು ಸಲ ಬಾಯಿಂದ ಹೊರಡುತ್ತದೆ, ಎದುರುಮನೆಯ ಹೊಸ್ತಿಲವರೆಗೂ ನಡೆಯಲಾರದು" ಎಂದಾಗ "ಉಸಿರು" ಎಂದ. ಅವನ ಬಟ್ಟೆಯೂ ಬಂತು.

ಸಣ್ಣೀರನಿಗೆ ಹೊಲಸು ಹೊಸದಲ್ಲ. ವಾಂತಿಭೇದಿಯ ದಿನಗಳಲ್ಲಿ ಚಪ್ಪರದ ಬಟ್ಟೆಯನ್ನೆಲ್ಲ ಒಗೆದವನೇ ಅವನು. ಆಗ ಮೈಯೆಲ್ಲ ನಾರುತ್ತಿತ್ತು. ಆದರೂ ಮಿಂದು, ಗಂಜಿ ಕುಡಿದು ಮಲಗಿದರೆ ನಿದ್ದೆ ಬರುತ್ತಿತ್ತು. ಈ ರಕ್ತ ಹಾಗಲ್ಲ. ಚೌಳುಮಣ್ಣು ಹಾಕಿ ಎಷ್ಟು ಉಜ್ಜಿದರೂ ಕಲೆ ಹೋಗದು. ನೀರಿನಲ್ಲಿ ರಕ್ತದ ಜೊತೆ ಗಂಧವೂ ಕುಂಕುಮವೂ ಕರಗಿ ತೇಲುವಾಗ ಅವನು ಮುಖ ತಿರುಗಿಸಿಕೊಂಡು ಒಗೆಯುತ್ತಿದ್ದ. ಸ್ವರ್ಗದ ದಾರಿ ಹುಡುಕುತ್ತೇವೆಂದು ಕತ್ತು ಕಡಿಯುತ್ತಾರಲ್ಲ, ಥೂ! ಆ ದಿನ ಬಟ್ಟೆಯನ್ನು ಕಲ್ಲಿನ ಮೇಲೆ ಎಸೆದು ಮನೆಗೆ ನಡೆದ.

"ಅವ್ವಾ, ನಾನು ಒಗಟು ಬಿಡಿಸೋಕೆ ಹೋಗ್ತೀನಿ."

"ಹುಚ್ಚು ಹಿಡೀತಾ ಮಗಾ?" ಎಂದು ತಾಯಿ ನಿಂಗವ್ವ ಎದೆ ಬಡಿದುಕೊಂಡಳು. "ಪಂಡಿತರ ಕೈಲಾಗದ್ದು ನಿನ್ನ ಕೈಲಾಗ್ತದಾ?"

"ಆಗದಿದ್ರೆ ನನ್ನ ರಕ್ತದ್ದೇ ಕಡೇ ಬಟ್ಟೆ ಅವ್ವಾ. ಒಗೆಯೋಕೆ ನಾನಿರಲ್ಲ. ಇನ್ನೊಂದು ಒಗೆಯೋಕೆ ನನ್ನಿಂದಾಗಲ್ಲ."

ಅವನು ಸಭೆಗೆ ಬಂದಾಗ ಪಂಡಿತರು ಉತ್ತರೀಯದಿಂದ ಮೂಗು ಮುಚ್ಚಿಕೊಂಡರು. ಅರಸ ಮೊದಲ ಒಗಟು ಹೇಳಿದ.

"ರೋಗಿಯ ಮೈ, ಬುದ್ಧಿ" ಎಂದ ಸಣ್ಣೀರ. "ಎಲ್ರೂ ಹೇಸಿ ದೂರ ಸರಿದ್ರು. ಅದನ್ನು ತೊಳೆದ ಕೈಗಿಂತ ಮಡಿಯಾದ ಕೈ ನಾನು ನೋಡಿಲ್ಲ."

ಅರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿ ಎರಡನೆಯದನ್ನು ಕೇಳಿದ.

"ಬಾಯಿಮಾತಿನ ಭಕ್ತಿ. ಚಪ್ಪರದ ಎದುರಿನ ಮಂಟಪದಲ್ಲಿ ಹಗಲೆಲ್ಲ ಭಜನೆ ನಡೀತಿತ್ತು. ಒಂದು ಚೊಂಬು ನೀರೂ ರಸ್ತೆ ದಾಟಲಿಲ್ಲ."

ಪಂಡಿತರು ಗದ್ದಲವೆಬ್ಬಿಸಿದರು. ಅರಸ ಕೈ ಎತ್ತಿದ. ಮೂರನೆಯದನ್ನು ಈವರೆಗೆ ಯಾರೂ ಕೇಳಿಸಿಕೊಂಡಿರಲಿಲ್ಲ.

"ತುಂಬಿದ ಹೊಳೆಯ ದಡದಲ್ಲಿ ಇಬ್ಬರಿದ್ದರು. ಒಬ್ಬನು ಅಂಬಿಗನ ಹೆಸರನ್ನು ಸಾವಿರ ಸಲ ಕೂಗಿದ. ಇನ್ನೊಬ್ಬನಿಗೆ ಆ ಹೆಸರೇ ಗೊತ್ತಿಲ್ಲ. ಅವನು ಅಲ್ಲೇ ಅಳುತ್ತಿದ್ದ ಒಬ್ಬ ಮುದುಕಿಯನ್ನು ಹೆಗಲಿಗೇರಿಸಿಕೊಂಡು ನೀರಿಗಿಳಿದ. ದೋಣಿ ಯಾರ ಬಳಿಗೆ ಬಂತು?"

ಸಣ್ಣೀರ ಒಗಟನ್ನು ಮನಸ್ಸಿನಲ್ಲೇ ಹೊರಳಿಸಿದ. ಕೂಗಿದವನ ಬಳಿಗೆ ಎಂದರೆ ಸುಳ್ಳು. ಹೊತ್ತವನ ಬಳಿಗೆ ಎಂದರೂ ಏನೋ ತಪ್ಪು. ತಲೆ ಕಡಿಯುವ ಕಟುಕನು ಬಾಗಿಲಲ್ಲಿ ಕಾಲು ಬದಲಿಸಿ ನಿಂತ. ಪ್ರವಾಹದಲ್ಲಿ ಹೆಜ್ಜೆ ಊರುವುದು ಹೇಗೆಂದು ಹೊಳೆಯಲ್ಲೇ ಬೆಳೆದ ಸಣ್ಣೀರನಿಗೆ ಗೊತ್ತಿತ್ತು. ಮುದುಕಿಯನ್ನು ಹೊತ್ತವನ ಜಾಗದಲ್ಲಿ ತನ್ನನ್ನೇ ನಿಲ್ಲಿಸಿ ನೋಡಿಕೊಂಡ.

"ದೋಣಿ ಯಾರ ಹತ್ರಾನೂ ಬರಲಿಲ್ಲ, ಬುದ್ಧಿ" ಎಂದ ಮೆಲ್ಲಗೆ. "ಅದರ ಅಗತ್ಯವೂ ಇರಲಿಲ್ಲ. ಮುದುಕಿಯನ್ನು ಹೊತ್ತವನು ಅಷ್ಟರಲ್ಲಿ ಹೊಳೆ ದಾಟಿಬಿಟ್ಟಿದ್ದ."

ಅರಸ ಮುಖ ಮುಚ್ಚಿಕೊಂಡು ಬಿಕ್ಕಿದ. "ಅವಳು ಹೇಳಿದ್ದೂ ಇದೇ. ಹಾಗಾದರೆ ನನ್ನ ರಾಣಿ ದಾಟಿದಳೇನಯ್ಯಾ?"

"ದಾಟಿದ್ರು. ನೀವು ಹೇಗೆ ದಾಟ್ತೀರಿ ಅನ್ನೋದು ನನಗೆ ತಿಳೀದು. ಹನ್ನೊಂದು ತಲೆ ಹೊತ್ತಿದ್ದೀರಿ."

ಕಟುಕನು ಕತ್ತಿಗೆ ಕೈ ಹಾಕಿದ. ಆಗ ರಾಜಕುಮಾರಿ ಮಲ್ಲಲೆ ಎದ್ದು ಬಂದು ಸಣ್ಣೀರನ ಪಕ್ಕದಲ್ಲಿ ನಿಂತಳು. "ಅಪ್ಪಾಜಿ, ಇವರು ಆಡಿದ ಮಾತನ್ನು ನಾನು ಮೊದಲ ದಿನವೇ ಆಡಬೇಕಿತ್ತು. ಹೆದರಿ ಸುಮ್ಮನಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ."

ಅರಸ ಕಟುಕನನ್ನು ಹೊರಗೆ ಕಳಿಸಿದ. ಮರುದಿನ ವಧಾಬಂಡೆಯನ್ನು ಒಡೆದರು. ಸಣ್ಣೀರನಿಗೂ ಮಲ್ಲಲೆಗೂ ಮದುವೆಯಾಯಿತು, ಅರ್ಧ ರಾಜ್ಯ ಅವನ ಕೈಗೆ ಬಂತು. ನಿಂಗವ್ವ ಅರಮನೆಯ ಪಲ್ಲಂಗದಲ್ಲಿ ಒಂದು ರಾತ್ರಿ ಮಲಗಿ, ಸೊಂಟ ನೋವೆಂದು ಚಾಪೆಗಿಳಿದಳು.

ಮದುವೆಯ ಚಪ್ಪರ ಬಿಚ್ಚಿದ ಮೇಲೆ ಅರಸ ಕಿರೀಟ ತೆಗೆದಿಟ್ಟು, ಮೊದಲು ತಲೆ ಕಳೆದುಕೊಂಡ ಪಂಡಿತನ ಮನೆಗೆ ಹೊರಟ. ಅಳಿಯ ಜೊತೆಗೆ ಹೋದ. ಪಂಡಿತನ ತಾಯಿ ಬಾಗಿಲು ತೆರೆದಳು; ಬಂದವರಾರೆಂದು ತಿಳಿದು ಅರಸನ ಮುಖಕ್ಕೆ ಉಗುಳಿದಳು. ಅರಸ ಮುಖ ಒರೆಸಿಕೊಳ್ಳಲಿಲ್ಲ, ದೇವರ ಹೆಸರನ್ನೂ ಎತ್ತಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ಖಾಲಿ ಕೊಡವನ್ನು ಎತ್ತಿ ಹೆಗಲಿಗಿಟ್ಟುಕೊಂಡು, ಬಾವಿಯ ದಾರಿ ಕೇಳಿದ.