ಮುಚ್ಚಳದೊಳಗಿನ ಇಂಕು

ಹೇಮಾವತಿ ನದಿಯ ದಡದಲ್ಲಿ ಒಂದು ಚಿಕ್ಕ ಆಶ್ರಮವಿತ್ತು. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಯ್ಯ ಎಂದೇ ಕರೆಯುತ್ತಿದ್ದರು.

ಅಜ್ಜಯ್ಯ ಉಪನ್ಯಾಸ ಕೊಡುತ್ತಿರಲಿಲ್ಲ. ಕಾಗದ ಬರೆಸುತ್ತಿದ್ದರು.

ಕಷ್ಟದಲ್ಲಿದ್ದವರು ಎಲ್ಲೆಲ್ಲಿಂದಲೋ ಅವರಿಗೆ ಪತ್ರ ಹಾಕುತ್ತಿದ್ದರು. ಬೆಳಗಿನ ಹೊತ್ತು ಹೊಂಗೆ ಮರದ ಕೆಳಗೆ ಕೂತು ಅಜ್ಜಯ್ಯ ಒಂದೊಂದಕ್ಕೂ ಉತ್ತರ ಹೇಳುವರು. ನರಹರಿ ಮೇಷ್ಟ್ರು ಪಕ್ಕದ ಮಣೆಯ ಮೇಲೆ ಕೂತು ಬರೆಯುವರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಮೇಷ್ಟ್ರ ಕಣ್ಣಿಗೆ ಪೊರೆ ಬಂತು. ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು.

ಮಣೆ ಖಾಲಿಯಾಯಿತು. ಶಿಷ್ಯ ಮಾರ್ತಾಂಡನ ಕಣ್ಣು ಅದರ ಮೇಲೆ ಬಿತ್ತು.

ಆಶ್ರಮಕ್ಕೆ ಬರುವ ಮೊದಲು ಮಾರ್ತಾಂಡ ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅವನ ಅಕ್ಷರ ನೋಡಲು ದಾರಿಹೋಕರು ನಿಲ್ಲುತ್ತಿದ್ದರು. ಅವನ ಮಾತು ಕೇಳಲು ಯಾರೂ ನಿಲ್ಲಬೇಕಾಗಿರಲಿಲ್ಲ. ಅದೇ ಅವರ ಹಿಂದೆ ಹಿಂದೆ ಹೋಗುತ್ತಿತ್ತು.

ಆ ಮಣೆ ಅವನಿಗೆ ಬೇಕೆನಿಸಿದ್ದಕ್ಕೆ ಕಾರಣವಿತ್ತು. ಏಳು ವರ್ಷದ ಹಿಂದೆ ಅವನ ಬಾಯಿಂದ ಜಾರಿದ ಒಂದು ಮಾತಿನಿಂದ ತಂಗಿಗೆ ಕೂಡಿಬಂದಿದ್ದ ಸಂಬಂಧ ತಪ್ಪಿಹೋಗಿತ್ತು. ಮನೆಯಲ್ಲಿ ಮುಖ ತೋರಿಸಲಾಗದೆ ಅವನು ಅಜ್ಜಯ್ಯನಿಗೆ ಒಂಬತ್ತು ಪುಟದ ಕಾಗದ ಬರೆದಿದ್ದ. ವಾರದೊಳಗೆ ಉತ್ತರ ಬಂತು.

"ಬಾ. ಊಟದ ಹೊತ್ತಿಗೆ ಮೊದಲೇ ಬಂದರೆ ಒಳ್ಳೆಯದು."

ಅಷ್ಟೇ ಇತ್ತು. ಅಷ್ಟನ್ನೇ ಓದಿಕೊಂಡು ಅವನು ಬಸ್ಸು ಹತ್ತಿದ್ದ. ತಂಗಿಗೆ ಆಮೇಲೆ ಅದಕ್ಕಿಂತ ಒಳ್ಳೆಯ ಗಂಡನೇ ಸಿಕ್ಕಿದ, ಅವಳು ಹಳೆಯದನ್ನು ಮರೆತೂಬಿಟ್ಟಳು. ಮಾರ್ತಾಂಡ ಮಾತ್ರ ಆ ಕಾಗದವನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದ. ಅಂಥದೊಂದು ಕಾಗದ ತನ್ನ ಕೈಯಿಂದ ಯಾರಿಗಾದರೂ ಹೋಗಬೇಕು ಎಂಬುದು ಅವನ ಆಸೆ.

"ಅಜ್ಜಯ್ಯ, ಬರೆಯುವ ಕೆಲಸ ನನಗೆ ಕೊಡಿ," ಎಂದು ಒಂದು ಬೆಳಿಗ್ಗೆ ಕೇಳಿಯೇಬಿಟ್ಟ.

ಅಜ್ಜಯ್ಯ ತಮ್ಮ ಹಳೆಯ ಪೆನ್ನನ್ನು ಅವನ ಕೈಗಿಟ್ಟರು. ಫಿಲ್ಲರಿನಿಂದ ಇಂಕು ತುಂಬುವ, ದಪ್ಪ ಹೊಟ್ಟೆಯ ಪೆನ್ನು.

"ಇದು ಸೋರದಂಥ ಇಂಕು ಹುಡುಕಿ ತಾ. ಹುಣ್ಣಿಮೆ ಕಳೆದ ಮಾರನೆಯ ದಿನ, ಬಂದು ಸೇರಿರುವ ಕಾಗದಗಳ ಕಟ್ಟು ಬಿಚ್ಚುತ್ತೇನೆ."

"ಮೇಷ್ಟ್ರು ಯಾವ ಇಂಕು ಹಾಕುತ್ತಿದ್ದರು?"

"ನಾನು ಕೇಳಲಿಲ್ಲ. ಅವರು ಹೇಳಲಿಲ್ಲ."

ಮಾರ್ತಾಂಡ ಮೇಷ್ಟ್ರ ಇಂಕಿನ ಬಾಟಲಿ ಹುಡುಕಿದ. ಅಡುಗೆಯ ಚೆಲುವಮ್ಮ ಅದನ್ನು ತೊಳೆದು, ಚೀಟಿ ಕಿತ್ತು, ಲವಂಗ ತುಂಬಿಟ್ಟುಕೊಂಡಿದ್ದಳು.

"ಇಂಕು ಸಿಗದಿದ್ದರೆ, ಅಜ್ಜಯ್ಯ?"

"ಪೋಸ್ಟ್ ಆಫೀಸಿನ ಗುಮಾಸ್ತರನ್ನು ಕರೆಸುತ್ತೇನೆ. ಅವರ ಹತ್ತಿರ ಟೈಪ್ ರೈಟರ್ ಇದೆಯಂತೆ."

ಮಾರ್ತಾಂಡ ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡ. ಟೈಪು ಹೊಡೆದ ಕಾಗದ ನೋಡಿ ಯಾರು ಬಸ್ಸು ಹತ್ತುತ್ತಾರೆ?

ಹುಣ್ಣಿಮೆಗೆ ಹತ್ತು ದಿನ ಉಳಿದಿತ್ತು.

ಅವನು ಅದೇ ದಿನ ಪೇಟೆಗೆ ಹೋದ. ಅಂಗಡಿಯಲ್ಲಿದ್ದ ಬಾಟಲಿಗಳನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿ, ನವಿಲಿನ ಕುತ್ತಿಗೆಯ ಬಣ್ಣದ ಇಂಕು ಆರಿಸಿದ. ಬರೆದರೆ ಹಾಳೆಯ ಮೇಲೆ ನೀರಿನಂತೆ ಹರಿಯಿತು, ಒಣಗಿದ ಮೇಲೆ ಮಿರಿಮಿರಿ ಮಿಂಚಿತು. ಒಂದು ಪುಟ ತುಂಬ ಬರೆದು, ಸುತ್ತ ಬಳ್ಳಿ ಬಿಡಿಸಿ, ಅಜ್ಜಯ್ಯನ ಮುಂದೆ ಹಿಡಿದ.

ಅಜ್ಜಯ್ಯ ಪುಟವನ್ನು ನೋಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಅವನ ಜುಬ್ಬದ ಜೇಬಿಗೆ ಸಿಕ್ಕಿಸಿದರು.

"ಹೊಳೆಗೆ ಹೋಗಿ ಎರಡು ಕೊಡ ನೀರು ತಾ."

ತಂದ. ಬಾಗಿಲಲ್ಲೇ ಚೆಲುವಮ್ಮ ಕೈಯಲ್ಲಿದ್ದ ಸೌಟು ಬಿಟ್ಟು ನಕ್ಕಳು.

"ಅಯ್ಯೋ ಮಾರ್ತಾಂಡಪ್ಪ, ಎದೆ ಮೇಲೆ ನವಿಲು ಗರಿ ಬಿಚ್ಚಿದೆಯಲ್ಲೋ!"

ಅಜ್ಜಯ್ಯ ಮುಚ್ಚಳ ತೆಗೆದು ಹೊಂಗೆ ಎಲೆಯ ಮೇಲೆ ಬಗ್ಗಿಸಿದರು. ಮೂರು ಹನಿ ಬಿತ್ತು.

"ಒಳ್ಳೆಯ ಇಂಕು. ಚೆನ್ನಾಗಿ ಬರೆಯುತ್ತೆ," ಎಂದರು. "ಕೇಳದಿದ್ದರೂ ಬರೆಯುತ್ತೆ."

"ಈ ಬುದ್ಧಿ ನಾನು ಎಲ್ಲೋ ನೋಡಿದ ಹಾಗಿದೆ," ಎಂದಳು ಚೆಲುವಮ್ಮ.

"ನಾನು ಬರೆದದ್ದನ್ನು ನೀವು ನೋಡಲೇ ಇಲ್ಲ, ಅಜ್ಜಯ್ಯ."

"ಹಾಳೆಯ ಮೇಲೆ ಎಲ್ಲ ಇಂಕೂ ಒಳ್ಳೆಯದೇ, ಮಗು. ಮುಚ್ಚಳ ಹಾಕಿದ ಮೇಲೆ ಏನು ಮಾಡುತ್ತೆ ಅಂತ ನೋಡಬೇಕು."

ಮಾರ್ತಾಂಡನಿಗೆ ಇಂಕಿನ ಮೇಲೆ ಸಂಶಯ ಬರಲಿಲ್ಲ. ಪೆನ್ನಿನ ಮೇಲೆ ಬಂತು. ಹಳೇ ಪೆನ್ನು, ತಿರುಪು ಸವೆದಿರಬೇಕು ಎಂದುಕೊಂಡ. ಪೆನ್ನಿನ ಕುತ್ತಿಗೆಗೆ ದಾರ ಸುತ್ತಿ, ಜೇನುಮೇಣ ಮೆತ್ತಿ, ಮತ್ತೆ ನವಿಲನ್ನೇ ತುಂಬಿ, ಮತ್ತೆ ನೀರಿಗೆ ಹೋದ. ಕುತ್ತಿಗೆಯಲ್ಲಿ ಒಂದು ಹನಿಯೂ ಬರಲಿಲ್ಲ. ಎಲ್ಲ ನಿಬ್ಬಿನಲ್ಲೇ ಬಂತು. ಎರಡನೆಯ ಜುಬ್ಬವೂ ಹೋಯಿತು.

"ಇನ್ನು ಎಷ್ಟು ಜುಬ್ಬ ಇದೆ?" ಎಂದು ಅಜ್ಜಯ್ಯ ವಿಚಾರಿಸಿದರು.

"ಎರಡು."

"ಹಾಗಾದರೆ ಬೇಗ ಹುಡುಕು."

ಮರುದಿನ ಅವನು ನಕ್ಷೆ ಬರೆಯುವವರು ಬಳಸುವ ಕಪ್ಪು ಇಂಕು ತಂದ. ದಪ್ಪಗೆ, ಕಾಡಿಗೆಯ ಹಾಗೆ ಇತ್ತು. ತುಂಬಿ, ಜೇಬಿಗೆ ಸಿಕ್ಕಿಸಿ, ನಾಲ್ಕು ಕೊಡ ನೀರು ಹೊತ್ತ. ಮುಚ್ಚಳ ಒಣಗಿದ್ದು ಒಣಗಿದ ಹಾಗೇ ಇತ್ತು. ಸಂತೋಷಕ್ಕೆ ಆ ದಿನ ಹಸುಗಳಿಗೂ ಅವನೇ ಹುಲ್ಲು ಹಾಕಿದ.

ಬೆಳಿಗ್ಗೆ ಅಜ್ಜಯ್ಯ, "ನಿನ್ನ ಹೆಸರು ಬರೆ, ನೋಡೋಣ," ಎಂದರು.

ಅವನು ಗೀಚಿದ. ಒದರಿದ. ಒತ್ತಿ ಗೀಚಿದ. ಹಾಳೆ ಹರಿಯಿತು, ಅಕ್ಷರ ಮೂಡಲಿಲ್ಲ.

"ಒಂದು ಹನಿಯೂ ಸೋರಲಿಲ್ಲ ಅಜ್ಜಯ್ಯ, ನೀವೇ ನೋಡಿದಿರಿ."

"ಹೌದು. ಕಲ್ಲೂ ಸೋರುವುದಿಲ್ಲ."

ನಿಬ್ಬಿನ ಕೆಳಗಿನ ನಾಲಿಗೆಗೆ ಕಚ್ಚಿಕೊಂಡಿದ್ದ ಕಪ್ಪು ಬಿಡಿಸಲು ಮೂರು ದಿನ ಹಿಡಿಯಿತು. ದಿನವೂ ಬಿಸಿನೀರಿಗಾಗಿ ಚೆಲುವಮ್ಮನ ಒಲೆಯ ಮುಂದೆ ನಿಲ್ಲಬೇಕಾಯಿತು, ದಿನವೂ ಆಕೆಯ ಮಾತು ಕೇಳಬೇಕಾಯಿತು.

ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಒಂದು ಇಂಕು ಸಡಿಲ, ಇನ್ನೊಂದು ಬಿಗಿ. ಎರಡನ್ನೂ ಅರ್ಧರ್ಧ ಬೆರೆಸಿದರೆ ಹದವಾಗಬೇಕಲ್ಲ! ಒಂದು ಲೋಟದಲ್ಲಿ ಬೆರೆಸಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ಮೇಲೆ ತಿಳಿ, ಕೆಳಗೆ ಗಸಿ, ನಡುವೆ ಕಪ್ಪು ಗರಣೆ ತೇಲುತ್ತಿತ್ತು.

"ನಿಂಬೆಹಣ್ಣು ಹಿಂಡಿದೆಯೇನೋ?" ಎಂದಳು ಚೆಲುವಮ್ಮ. "ಹಾಲು ಒಡೆದ ಹಾಗಿದೆ. ಆ ಲೋಟ ಇನ್ನು ನನ್ನ ಅಡುಗೆಮನೆಗೆ ಬೇಡ."

ಅಜ್ಜಯ್ಯ ಲೋಟ ನೋಡಿದರು. ಪೋಸ್ಟ್ ಆಫೀಸಿನ ದಾರಿಯ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಹುಣ್ಣಿಮೆಗೆ ಒಂದೇ ದಿನವಿತ್ತು.

ಮಾರ್ತಾಂಡ ತನ್ನ ಕೋಣೆಗೆ ಹೋಗಿ ಟ್ರಂಕು ತೆರೆದ. ಮನಸ್ಸು ಕುಗ್ಗಿದಾಗೆಲ್ಲ ಅವನು ಮಾಡುತ್ತಿದ್ದದ್ದು ಅದೇ. ತಳದಲ್ಲಿದ್ದ ಕಾಗದ ತೆಗೆದು, ಮಡಿಕೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದ.

ಬಾ. ಊಟದ ಹೊತ್ತಿಗೆ ಮೊದಲೇ ಬಂದರೆ ಒಳ್ಳೆಯದು.

ಓದಿ ಮುಗಿಸಿದವನು ಕಾಗದವನ್ನು ಕಣ್ಣಿಗೆ ಇನ್ನೂ ಹತ್ತಿರ ತಂದ.

ಅಕ್ಷರ ನೀಲಿಯಾಗಿತ್ತು. ಶಾಲೆಯ ಮಕ್ಕಳು ಕಾಪಿ ಬರೆಯುವ ಸಾದಾ ನೀಲಿ. ಎಲ್ಲೂ ಒಂದು ಮಚ್ಚೆಯಿಲ್ಲ, ಹಿಂಬದಿಗೆ ಇಳಿದಿಲ್ಲ, ಹರಡಿಲ್ಲ. ಏಳು ವರ್ಷದಲ್ಲಿ ನೂರಾರು ಸಲ ಓದಿದ್ದ ಕಾಗದದ ಬಣ್ಣವನ್ನು ಅವನು ಆ ದಿನವೇ ಮೊದಲು ನೋಡಿದ್ದು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದ.

"ಚೆಲುವಮ್ಮ, ನಾನು ಇಲ್ಲಿಗೆ ಬಂದ ದಿನ, ಯಾಕೆ ಬಂದೆ ಅಂತ ನಿಮಗೆ ಗೊತ್ತಿತ್ತಾ?"

"ಎಲ್ಲಿ ಗೊತ್ತಿತ್ತು! ದಪ್ಪನೆಯ ಕವರು ಬಂದದ್ದು ಕಂಡಿತ್ತು. ಏನು ಸಮಾಚಾರ ಅಂತ ಮೇಷ್ಟ್ರನ್ನು ಕೇಳಿದೆ. ಬರೀ ಕೇಳಲಿಲ್ಲಪ್ಪ, ಒಬ್ಬಟ್ಟು ಮಾಡಿ ತುಪ್ಪ ಸುರಿದು ಕೇಳಿದೆ. ನಾಲ್ಕು ತಿಂದರು. 'ಹೂರಣ ನುಣ್ಣಗೆ ರುಬ್ಬಿದ್ದೀಯ' ಅಂದರು. ಕೈ ತೊಳೆದುಕೊಂಡು ಎದ್ದುಹೋದರು."

"ಆಮೇಲೆ?"

"ಆಮೇಲೇನು, ನೀನೇ ಬಂದೆಯಲ್ಲ! ಬಂದ ಮೂರನೆಯ ದಿನ ಎಲ್ಲವನ್ನೂ ನೀನೇ ಒದರಿದೆ. ಒಬ್ಬಟ್ಟಿನ ಕಷ್ಟವೂ ಇರಲಿಲ್ಲ."

ಮಾರ್ತಾಂಡನಿಗೆ ಉತ್ತರ ತಕ್ಷಣ ಬರಲಿಲ್ಲ. ಹಾಗಾದದ್ದು ಬಹುಶಃ ಅದೇ ಮೊದಲು. ಚೆಲುವಮ್ಮ ತಿರುಗಿ, ಇವನಿಗೆ ಜ್ವರ ಬಂದಿದೆಯೋ ಏನೋ ಎಂಬಂತೆ ನೋಡಿದಳು.

ಮರುದಿನ ಅವನು ಪೇಟೆಯ ದೊಡ್ಡ ಅಂಗಡಿಗೆ ಹೋಗಲಿಲ್ಲ. ಶಾಲೆಯ ಎದುರಿನ ಗೂಡಂಗಡಿಗೆ ಹೋದ.

"ನೀಲಿ ಇಂಕು ಕೊಡಿ."

"ಮಗು ಯಾವ ಕ್ಲಾಸು, ಸ್ವಾಮಿ?" ಎಂದು ಅಂಗಡಿಯವನು ಕೇಳಿದ.

"ಈಗಷ್ಟೇ ಸೇರಿಸಬೇಕು," ಎಂದ ಮಾರ್ತಾಂಡ.

ಪೆನ್ನನ್ನು ಬಿಚ್ಚಿ ಹೊಳೆಯಲ್ಲಿ ತೊಳೆದ. ನೀರು ತಿಳಿಯಾಗುವ ತನಕ ತೊಳೆದ, ಆಮೇಲೂ ಒಂದು ಸಲ ತೊಳೆದ. ನೆರಳಲ್ಲಿ ಒಣಗಿಸಿ, ನೀಲಿ ತುಂಬಿ, ಮೂರನೆಯ ಜುಬ್ಬ ತೊಟ್ಟು ಅಜ್ಜಯ್ಯನ ಮುಂದೆ ನಿಂತ. ಈ ಸಲ ಹಾಳೆ ತಂದಿರಲಿಲ್ಲ.

"ನೀರು ತರಲಾ?"

"ತಾ."

ಎರಡು ಕೊಡ ತಂದ. ಇನ್ನೆರಡು ತಂದ. ಅಡುಗೆಮನೆಯ ಹಂಡೆ ತುಂಬಿತು. ಅಜ್ಜಯ್ಯ ಮುಚ್ಚಳ ತೆಗೆದು ಎಲೆಯ ಮೇಲೆ ಬಗ್ಗಿಸಿದರು. ಏನೂ ಬೀಳಲಿಲ್ಲ. ನಿಬ್ಬನ್ನು ಹಾಳೆಗೆ ತಾಗಿಸಿದರು. ತಾಗಿದ ಕ್ಷಣವೇ ಗೆರೆ ಮೂಡಿತು.

"ಬಣ್ಣ ಸ್ವಲ್ಪ ಸಪ್ಪೆ, ಅಜ್ಜಯ್ಯ."

"ಓದುವವರ ಕಣ್ಣಿಗೆ ಬೀಳುತ್ತಾ?"

"ನನಗೆ ಏಳು ವರ್ಷ ಬಿದ್ದಿರಲಿಲ್ಲ."

ಅಜ್ಜಯ್ಯ ಜೋರಾಗಿ ನಕ್ಕರು. "ನಾಳೆ ಕಟ್ಟು ಬಿಚ್ಚಿದ ಮೇಲೆ ಮಣೆ ಹಾಕಿಕೊಂಡು ಕೂರು. ಒಂದು ದಿನ ನೋಡೋಣ. ಗುಮಾಸ್ತರಿಗೆ ನಾನಿನ್ನೂ ಬೇಡ ಅಂದಿಲ್ಲ."

ಮರುದಿನ ಮೊದಲು ಬಿಚ್ಚಿದ್ದು ದಪ್ಪನೆಯ ಒಂದು ಕವರು. ಯಾವುದೋ ಊರಿನ ಹೈಸ್ಕೂಲಿನ ಟೀಚರು ಬರೆದದ್ದು. ಮಗಳು ತನ್ನ ಮಾತು ಮೀರಿ ಮದುವೆಯಾದಳು, ಮೂರು ವರ್ಷದಿಂದ ಮಾತಿಲ್ಲ. ಈಗ ಅವಳಿಗೆ ಮಗುವಾಗಿದೆಯೆಂದು ಬೇರೆಯವರಿಂದ ಗೊತ್ತಾಗಿದೆ. ತಾನೇ ಮೊದಲು ಬರೆಯಬೇಕೋ, ಅವಳು ಬರೆಯಲಿ ಎಂದು ಕಾಯಬೇಕೋ?

ಹನ್ನೊಂದು ಪುಟ. ಮಾರ್ತಾಂಡ ಗಟ್ಟಿಯಾಗಿ ಓದುತ್ತ ಎರಡು ಸಲ ಕಣ್ಣೊರೆಸಿಕೊಂಡ. ಓದಿ ಮುಗಿಯುವಷ್ಟರಲ್ಲಿ ಅವನ ತಲೆಯಲ್ಲಿ ಒಳ್ಳೊಳ್ಳೆಯ ವಾಕ್ಯಗಳು ಸಾಲುಗಟ್ಟಿ ನಿಂತಿದ್ದವು.

ಅಜ್ಜಯ್ಯ ಹೇಳಿದರು: "ಬರೆದುಕೋ. 'ತಾಯೀ, ಅವಳಿಗೆ ಬರೆಯಿರಿ. ಮಗುವಿಗೆ ಏನು ಹೆಸರಿಟ್ಟಿದ್ದೀಯ ಎಂದು ಕೇಳಿ.'"

ಬರೆದ. ಕಾದ.

"ಅಷ್ಟೇನಾ, ಅಜ್ಜಯ್ಯ?"

"ಅಷ್ಟೇ."

ಕೆಳಗೆ ಮುಕ್ಕಾಲು ಹಾಳೆ ಬೆಳ್ಳಗೆ ಉಳಿದಿತ್ತು. ಎರಡು ವಾಕ್ಯ ಸೇರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಜ್ಜಯ್ಯ ಹೊಳೆಯ ಕಡೆ ನೋಡುತ್ತಿದ್ದರು. ಮಾರ್ತಾಂಡನ ಕೈ ಹಾಳೆಯ ಮೇಲೆ ಒಂದು ಗಳಿಗೆ ನಿಂತಿತು.

ಆಮೇಲೆ ಅವನು ಪೆನ್ನಿಗೆ ಮುಚ್ಚಳ ಹಾಕಿದ.

ಮಧ್ಯಾಹ್ನ ಊಟಕ್ಕೆ ಕೂತರೆ ಎಲೆಯ ತುದಿಯಲ್ಲಿ ಒಬ್ಬಟ್ಟು ಇತ್ತು.

"ಏನು ಹಬ್ಬ ಇವತ್ತು, ಚೆಲುವಮ್ಮ?"

"ಹಬ್ಬ ಏನಿಲ್ಲ. ನಿನಗೆ ಮಣೆ ಸಿಕ್ಕಿತಲ್ಲ, ಅದಕ್ಕೆ." ಆಕೆ ತುಪ್ಪ ಬಡಿಸಿದಳು. ಇನ್ನೂ ಸ್ವಲ್ಪ ಬಡಿಸಿದಳು. ಎದುರಿಗೇ ಕೂತಳು. "ಬೆಳಿಗ್ಗೆ ಬಿಚ್ಚಿದ ಕವರು ಬಲು ದಪ್ಪ ಇತ್ತು. ಹೆಣ್ಣುಮಗಳ ಅಕ್ಷರ. ಪಾಪ, ಏನಂತೆ?"

ಆಕೆಯ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇಳುವ ಆಸೆ ಇತ್ತು, ಅಷ್ಟೇ. ಮಾರ್ತಾಂಡನ ನಾಲಿಗೆಯ ತುದಿಗೆ ಮಾತು ಬಂದು ಕೂತಿತು. ತಂಗಿಯ ವಿಷಯದಲ್ಲೂ ಕೇಳಿದವರು ಒಳ್ಳೆಯವರೇ ಆಗಿದ್ದರು.

ಅವನು ಒಬ್ಬಟ್ಟು ಮುರಿದು ಬಾಯಿಗಿಟ್ಟುಕೊಂಡ.

"ಏಲಕ್ಕಿ ಒಂದು ಚೂರು ಮುಂದಾಗಿದೆ," ಎಂದ.

ಚೆಲುವಮ್ಮ ಎರಡನೆಯದು ಹಾಕಿದಳು. ಮೂರನೆಯದು ಹಾಕಿದಳು. ನಾಲ್ಕನೆಯದನ್ನೂ ತಿಂದು ಅವನು ಕೈ ತೊಳೆದುಕೊಂಡು ಎದ್ದ.

ಆಕೆ ಸೌಟು ಹಿಡಿದುಕೊಂಡೇ ಅವನನ್ನು ಹೊಂಗೆ ಮರದ ತನಕ ಅಟ್ಟಿಸಿಕೊಂಡು ಬಂದಳು.

"ಅಜ್ಜಯ್ಯ, ಇವನನ್ನು ಏನು ಮಾಡಿದಿರಿ ನೀವು? ಇಷ್ಟು ದಿನ ಬೇಡ ಬೇಡ ಅಂದರೂ ಊರ ಸುದ್ದಿಯೆಲ್ಲ ಹೇಳುತ್ತಿದ್ದ. ಇವತ್ತು ನಾನೇ ಬಾಯಿ ಬಿಟ್ಟು ಕೇಳಿದರೆ ಏಲಕ್ಕಿಗೆ ಹೆಸರಿಡುತ್ತಾನೆ! ನಾಲ್ಕು ಒಬ್ಬಟ್ಟು ದಂಡ!"

ಅಜ್ಜಯ್ಯ ಕೈ ಚಾಚಿ ಮಾರ್ತಾಂಡನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಮುಚ್ಚಳ ತಿರುಗಿಸಿ, ತಮ್ಮ ಬಿಳಿಯ ಪಂಚೆಯ ಅಂಚನ್ನು ಅದರೊಳಗೆ ತೂರಿಸಿ ಒರೆಸಿದರು. ಅಂಚು ಬೆಳ್ಳಗೇ ಹೊರಗೆ ಬಂತು.

ಪೆನ್ನನ್ನು ಅವನ ಜೇಬಿಗೆ ಮತ್ತೆ ಸಿಕ್ಕಿಸಿ, ಚೆಲುವಮ್ಮನ ಕಡೆ ತಿರುಗಿದರು.

"ನಾಳೆ ಪೇಟೆಗೆ ಹೋದಾಗ ಆ ನೀಲಿ ಇಂಕು ಇನ್ನೊಂದು ತಾ, ತಾಯಿ. ದೊಡ್ಡ ಬಾಟಲಿಯೇ ತಾ."