ರೇಷ್ಮೆ ದಾರದ ಬಿಗುಮಾನ

ನೀಲವ್ವ ಮೊಮ್ಮಗಳ ತೊಟ್ಟಿಲಿಗೆಂದು ಕೌದಿ ಹೊಲಿಯುತ್ತಿದ್ದಳು. ಹಸಿರು ಬಟ್ಟೆಯಲ್ಲಿ ಕತ್ತರಿಸಿದ ಗಿಳಿಯೊಂದನ್ನು ಅದರ ಮೇಲಿಟ್ಟು, ಅಂಚಿನ ಸುತ್ತ ಮಿಷಿನ್ನಿನಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕುತ್ತಿದ್ದಳು. ಗಿಳಿಯ ಅಂದವೆಲ್ಲ ತನ್ನಿಂದಲೇ ಎಂದು ಸೂಜಿಯಲ್ಲಿದ್ದ ಕೆಂಪು ರೇಷ್ಮೆ ದಾರಕ್ಕೆ ಬಿಗುಮಾನ. ಅದು ಮೈ ಸೆಟೆಸಿಕೊಂಡೇ ಸಾಗುತ್ತಿತ್ತು. ನಾಲ್ಕು ಬೆರಳು ಹೊಲಿಗೆ ಮುಗಿಯುವಷ್ಟರಲ್ಲಿ ಕೆಂಪಿನ ನಡುವೆ ಬಿಳಿ ಚುಕ್ಕೆಗಳು ಕಂಡವು. ಕೆಳಗಿನ ಬಾಬಿನ್ನಿನ ಬಿಳಿ ನೂಲು ಮೇಲಕ್ಕೆ ಇಣುಕಿತ್ತು.

ರೇಷ್ಮೆ ಕೆಂಡವಾಯಿತು. "ಎಲೆಲೇ ನೂಲೇ! ಕೆಳಗೆ ಬಿದ್ದಿರಬೇಕಾದ ನೀನು ಗಿಳಿಯ ಅಂಚಿನಲ್ಲಿ ನಿಂತು ಹಲ್ಲು ಕಿರಿಯುತ್ತೀಯಾ? ಮಾನ ಮರ್ಯಾದೆ ಇಲ್ಲವೇ?"

"ನಾನಾಗಿ ಬಂದೆನೇ ಅಣ್ಣಾ? ನಿನ್ನ ಕೈ ಹಿಡಿದುಕೊಂಡಿದ್ದೇನೆ. ನೀನೇ ದರದರ ಎಳೆಯುತ್ತಿದ್ದೀಯ."

"ಹಾಗಾದರೆ ಕೈ ಬಿಡು!"

"ಬಿಟ್ಟರೆ ಗಿಳಿ ಕಳಚಿ ಬೀಳುತ್ತದಲ್ಲ."

"ಬಾಯಿ ಮುಚ್ಚು! ನೀಲವ್ವನ ಕಣ್ಣಿಗೆ ಬೀಳು, ನಿನ್ನನ್ನು ಕಿತ್ತು ಬೀದಿಗೆ ಎಸೆಯುತ್ತಾಳೆ," ಎಂದು ರೇಷ್ಮೆ ಇನ್ನಷ್ಟು ಸೆಟೆದುಕೊಂಡಿತು. ಸೆಟೆದ ರಭಸಕ್ಕೆ ಫಟ್ಟನೆ ತಾನೇ ಹರಿಯಿತು.

ಮಿಷಿನ್ ನಿಂತಿತು. ನೀಲವ್ವ ಕನ್ನಡಕ ಸರಿಸಿಕೊಂಡು ಬಿಳಿ ಚುಕ್ಕೆಗಳನ್ನು ನೋಡಿದಳು. "ಶಿವನೇ, ಮೇಲಿನದಕ್ಕೆ ಬಿಗಿ ಹೆಚ್ಚಾಗಿದೆ," ಎಂದು ರೇಷ್ಮೆ ದಾರವನ್ನು ಬಿಗಿ ಹಿಡಿಯುವ ತಿರುಪನ್ನು ಒಂದು ಸುತ್ತು ಸಡಿಲಿಸಿದಳು.

ಬಾಬಿನ್ನನ್ನು ಅವಳು ಮುಟ್ಟಲೇ ಇಲ್ಲ.